ಹಳೇ ಲಿನಕ್ಸ್ ಪೆಟ್ಟಿಗೆ, ಡಯಲ್-ಅಪ್ ಮೋಡೆಮ್ ಮಾತೇ ಆಡುತ್ತಿಲ್ಲ. ಯಾರಾದರೂ ದಾರಿ ತೋರಿಸಿ

ಮಳೆಮಾಪಕ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಹತ್ತಿರ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಕರ್ನಲ್ (ಲಿನಕ್ಸ್‌ನ ತಿರುಳು) 2.4 ಇರುವ ಲಿನಕ್ಸ್. ದೂರದ ಮಳೆ ಅಳೆಯುವ ಕೇಂದ್ರದಲ್ಲಿ ಇನ್ನೊಂದು ಲಿನಕ್ಸ್ ಯಂತ್ರ ಇದೆ. ಅಲ್ಲಿಗೆ ಫೋನ್ ಲೈನ್ ಬಿಟ್ಟರೆ ಬೇರೇನೂ ಇಲ್ಲ, ಮೊಬೈಲ್ ಸಿಗ್ನಲ್ ಕೂಡ ಸಿಗಲ್ಲ. ಇಲ್ಲಿಂದ ಡಯಲ್ ಮಾಡಿ ಅಲ್ಲಿನ ಫೈಲುಗಳನ್ನು ಇಳಿಸಿಕೊಳ್ಳಬೇಕು. ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವರು ಈಗ ಇಲ್ಲಿ ಕೆಲಸದಲ್ಲಿಲ್ಲ. ಬರೆದಿಟ್ಟದ್ದೂ ಏನೂ ಇಲ್ಲ.

ಮೋಡೆಮ್ ಹುಡುಕಿ ಡಯಲ್ ಸೆಟ್ಟಿಂಗ್ ಬರೆಯುವ ಡಬ್ಲ್ಯೂವಿಡಯಲ್‌ಕಾನ್ಫ್ ಪ್ರೋಗ್ರಾಂ ಓಡಿಸಿದರೆ "ಮೋಡೆಮ್ ಸಿಗಲಿಲ್ಲ, ಬೇರೆ ಪ್ರೋಗ್ರಾಂ ಬಳಸುತ್ತಿದೆಯಾ ನೋಡಿ" ಅನ್ನುವ ಅರ್ಥದ ಸಾಲು ಬಂದು ನಿಲ್ಲುತ್ತದೆ. ಯಂತ್ರದೊಳಗೆ ಒಂದು ಪಿಸಿಐ ಮೋಡೆಮ್ ಕಾರ್ಡ್ ಇದೆ. ಅದರ ಜೊತೆಗೆ ಡಬ್ಬಿಯಲ್ಲಿ ಒಂದು ಹೊರಗಿನ ಸೀರಿಯಲ್ ಮೋಡೆಮ್, ಕೇಬಲ್, ಅಡಾಪ್ಟರ್ ಎಲ್ಲ ಇವೆ. ಯಾವುದರಿಂದ ಶುರು ಮಾಡಲಿ?

ಬೂಟ್‌ಲೋಡರ್:
ಎರಡನ್ನೂ ಬಿಡಿ. ಉಪಗ್ರಹ ಸಂಪರ್ಕ ಹಾಕಿಸಿ. ಇದರ ಹಿಂದೆ ಬಿದ್ದು ಸುಮ್ನೆ ಟೈಮ್ ವೇಸ್ಟ್.

ಶೆಲ್‌ಮನೆ:
ಅವರು ಕೇಳಿದ್ದು ಅದಲ್ಲ ಅಲ್ವಾ. ಮೊದಲು ಇರುವುದನ್ನು ನಡೆಸೋಣ.

ಮಳೆಮಾಪಕ ಅವರೇ, ಎಲ್‌ಎಸ್‌ಪಿಸಿಐ ಅಂತ ಕಮಾಂಡ್ ಕೊಡಿ. ಒಳಗಿನ ಕಾರ್ಡ್ ಯಾವ ಹೆಸರಲ್ಲಿ ಕಾಣುತ್ತದೆ ಹೇಳಿ. ಆಮೇಲೆ ಡಿಮೆಸ್ಗ್‌ನಲ್ಲಿ (ಕರ್ನಲ್ ಸಂದೇಶಗಳನ್ನು ತೋರಿಸುವ ಕಮಾಂಡ್) "ಟಿಟಿವೈಎಸ್" ಅಂತ ಸೀರಿಯಲ್ ಪೋರ್ಟಿನ ಹೆಸರು ಇರುವ ಸಾಲುಗಳನ್ನು ಹುಡುಕಿ. ಈ ಎರಡು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು ಮಾತು. ಡಬ್ಲ್ಯೂವಿಡಯಲ್ ಕಡೆಗೆ ಈಗ ಹೋಗಲೇಬೇಡಿ. ಅದು ಪೋರ್ಟ್, ಮೋಡೆಮ್, ಫೋನ್ ಲೈನ್, ಪಿಪಿಪಿ (ಫೋನ್ ಲೈನ್ ಮೇಲೆ ನೆಟ್‌ವರ್ಕ್ ಜೋಡಿಸುವ ಕ್ರಮ) ಎಲ್ಲವನ್ನೂ ಒಟ್ಟಿಗೆ ಮಾಡಲು ನೋಡುತ್ತದೆ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗಲ್ಲ. ಮಿನಿಕಾಮ್ (ಸೀರಿಯಲ್ ಪೋರ್ಟಿಗೆ ನೇರವಾಗಿ ಟೈಪ್ ಮಾಡುವ ಪ್ರೋಗ್ರಾಂ) ತೆರೆದು, ಮೋಡೆಮ್ ಜೊತೆ ನೀವೇ ಮಾತಾಡಿ. ಎಟಿ ಅಂತ ಹೊಡೆದರೆ ಓಕೆ ಬರಬೇಕು. ಅದು ಬರುವ ತನಕ ಮುಂದಿನ ಯಾವ ಮೆಟ್ಟಿಲಿಗೂ ಕಾಲಿಡಬೇಡಿ.

ಮಳೆಮಾಪಕ:
ನೋಡಿದೆ. ಎಲ್‌ಎಸ್‌ಪಿಸಿಐ ತೋರಿಸುವುದು: ಕಮ್ಯುನಿಕೇಶನ್ ಕಂಟ್ರೋಲರ್, ಕೊನೆಕ್ಸಾಂಟ್, ಎಚ್‌ಎಸ್‌ಎಫ್ 56ಕೆ.
ಡಿಮೆಸ್ಗ್‌ನಲ್ಲಿ ಒಂದೇ ಸಾಲು: ಟಿಟಿವೈಎಸ್0, ವಿಳಾಸ 0x03ಎಫ್8, ಐಆರ್‌ಕ್ಯೂ 4, 16550ಎ.

ನಾಲ್ಕನೇಪಿನ್:
ಎಚ್‌ಎಸ್‌ಎಫ್ ಅಂದರೆ ವಿನ್‌ಮೋಡೆಮ್. ಅದು ಪೂರ್ತಿ ಮೋಡೆಮ್ ಅಲ್ಲ. ಫೋನ್ ಲೈನಿಗೆ ಬೇಕಾದ ಸರ್ಕ್ಯೂಟ್ ಮಾತ್ರ ಕಾರ್ಡಿನಲ್ಲಿ ಇರುತ್ತದೆ. ಸಿಗ್ನಲ್ ಲೆಕ್ಕಾಚಾರ ಎಲ್ಲ ಕಂಪ್ಯೂಟರಿನ ಪ್ರೊಸೆಸರ್ ಮಾಡಬೇಕು. ಡ್ರೈವರ್ ಇಲ್ಲದಿದ್ದರೆ ಎಟಿ ಕಮಾಂಡಿಗೆ ಉತ್ತರ ಕೊಡುವವರೇ ಇಲ್ಲ. ಡಬ್ಲ್ಯೂವಿಡಯಲ್‌ಕಾನ್ಫ್‌ಗೆ ಅದು ಕಾಣದೇ ಇದ್ದದ್ದು ಅದಕ್ಕೇ.

ಬೂಟ್‌ಲೋಡರ್:
ಒಳಗಿನ ಮೋಡೆಮ್ ಕಾರ್ಡ್ ಯಾವುದೂ ಲಿನಕ್ಸ್‌ಗೆ ಆಗಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ನಾಲ್ಕನೇಪಿನ್:
ಇಲ್ಲ, ಅದು ತಪ್ಪು. ಯುಎಸ್ ರೋಬೋಟಿಕ್ಸ್ 5610 ಪಿಸಿಐ ಕಾರ್ಡೇ. ಆದರೆ ಕಂಟ್ರೋಲರ್ ಚಿಪ್ ಅದರ ಮೇಲೆಯೇ ಇದೆ, ಯಾವ ವಿಶೇಷ ಡ್ರೈವರೂ ಬೇಡ. ಅಂಥ ಕಾರ್ಡನ್ನು ಎಲ್‌ಎಸ್‌ಪಿಸಿಐ ಸಾಮಾನ್ಯವಾಗಿ "ಸೀರಿಯಲ್ ಕಂಟ್ರೋಲರ್" ಅಂತಲೇ ತೋರಿಸುತ್ತದೆ. "ಕಮ್ಯುನಿಕೇಶನ್ ಕಂಟ್ರೋಲರ್" ಅಂತ ಬಂದರೆ ಅನುಮಾನ ಪಡಬೇಕು. ಪಿಸಿಐಗಿಂತ ಹಳೇ ಐಎಸ್‌ಎ ಕಾರ್ಡುಗಳಲ್ಲೂ ನಿಜವಾದ ಮೋಡೆಮ್‌ಗಳು ಎಷ್ಟೋ ಇದ್ದವು, ಜಂಪರ್ (ಪುಟ್ಟ ಜೋಡಣೆ ಕ್ಲಿಪ್) ಹಾಕಿ ಕಾಮ್ (ಸೀರಿಯಲ್) ಪೋರ್ಟ್ ಆರಿಸುವ ಬಗೆಯವು.

ಕಪ್ಪುಪರದೆ:
ವಿನ್‌ಮೋಡೆಮ್ ಕೂಡ ಪೂರ್ತಿ ಕೈಬಿಡುವಂಥದ್ದಲ್ಲ. ಲೂಸೆಂಟ್ ಚಿಪ್‌ಗೆ ಎಲ್‌ಟಿಮೋಡೆಮ್ ಡ್ರೈವರ್ ಇತ್ತು. ಸ್ಮಾರ್ಟ್‌ಲಿಂಕ್‌ಗೆ ಎಸ್‌ಎಲ್‌ಮೋಡೆಮ್‌ಡಿ ಇತ್ತು. ಲ್ಯಾಪ್‌ಟಾಪ್‌ಗಳ ಎಸಿ97 ಮೋಡೆಮ್‌ಗಳು ಆಲ್ಸಾ (ಲಿನಕ್ಸ್‌ನ ಧ್ವನಿ ಡ್ರೈವರ್) ಜೊತೆ ಸೇರಿ ಇದರಲ್ಲೇ ಓಡುತ್ತಿದ್ದವು. ಕೊನೆಕ್ಸಾಂಟ್ ಎಚ್‌ಎಸ್‌ಎಫ್‌ಗೆ ಲಿನಕ್ಸಾಂಟ್ ಕಂಪನಿ ಡ್ರೈವರ್ ಕೊಡುತ್ತಿತ್ತು. ಆದರೆ ಉಚಿತವಾಗಿ ಸಿಗುತ್ತಿದ್ದದ್ದು 14.4 ಕಿಲೋಬಿಟ್‌ಗೆ ಕಟ್ಟಿಹಾಕಿದ್ದು. ಪೂರ್ತಿ ವೇಗ ಬೇಕಿದ್ದರೆ ದುಡ್ಡು ಕೊಡಬೇಕಿತ್ತು.

ತೊಡಕು ಏನೆಂದರೆ, ಇವೆಲ್ಲ ಒಂದೊಂದು ಕರ್ನಲ್‌ಗೆ ಅಂಟಿಕೊಂಡಿರುತ್ತವೆ. ಕರ್ನಲ್ ಬದಲಾದರೆ ಡ್ರೈವರನ್ನು ಮತ್ತೆ ಕಟ್ಟಬೇಕು. ಅದರ ಒಂದು ಭಾಗ ಮೂಲಕೋಡ್ ಇಲ್ಲದ ಬೈನರಿ ಆಗಿದ್ದರೆ ಕೈಕಟ್ಟಿ ಕೂರಬೇಕು.

ಶೆಲ್‌ಮನೆ:
ಇಲ್ಲಿ ಹೊರಗಿನ ಮೋಡೆಮ್ ಕೈಯಲ್ಲೇ ಇದೆ. ವಿನ್‌ಮೋಡೆಮ್ ಚರ್ಚೆ ಇವರಿಗೆ ಬೇಕಿಲ್ಲ. ಕಾರ್ಡ್ ಕಿತ್ತು ಪಕ್ಕಕ್ಕಿಡಿ, ಸೀರಿಯಲ್ ಮೋಡೆಮನ್ನು ಟಿಟಿವೈಎಸ್0ಗೆ ಹಾಕಿ. ಡಿಮೆಸ್ಗ್ ಒಂದೇ ಪೋರ್ಟ್ ತೋರಿಸುತ್ತಿದೆ. ಹಿಂದುಗಡೆ ಎರಡು ಸಾಕೆಟ್ ಇದ್ದರೆ ಒಂದು ಬಯಾಸ್‌ನಲ್ಲಿ ಆಫ್ ಆಗಿದೆ ಅಂತ ಅರ್ಥ. ಎಷ್ಟೋ ಬೋರ್ಡುಗಳಲ್ಲಿ ಎರಡನೇ ಪೋರ್ಟನ್ನು ಇನ್‌ಫ್ರಾರೆಡ್‌ಗೆ ಕೊಟ್ಟಿರುತ್ತಾರೆ.

ಪೋರ್ಟಿನ ಚಿಪ್ 16550ಎ ಇರುವುದು ಒಳ್ಳೆಯದೇ ಆಯ್ತು. ಅದರಲ್ಲಿ 16 ಬೈಟ್ ಬಫರ್ ಇದೆ, 115200ಕ್ಕೆ ತೆರೆದರೂ ತಡೆದುಕೊಳ್ಳುತ್ತದೆ. ಹಳೇ 8250 ಅಥವಾ 16450 ಆಗಿದ್ದರೆ ಒಂದೊಂದು ಬೈಟಿಗೂ ಪ್ರೊಸೆಸರನ್ನು ಕರೆಯಬೇಕು, ಅಕ್ಷರ ಕಳೆದುಹೋಗುತ್ತವೆ.

ನಾಲ್ಕನೇಪಿನ್:
ಕೇಬಲ್ ಬಗ್ಗೆ ಹುಷಾರು. ಮೋಡೆಮ್‌ಗೆ ನೇರ ಕೇಬಲ್ ಬೇಕು. ಎರಡು ಕಂಪ್ಯೂಟರ್ ಜೋಡಿಸುವ ನಲ್-ಮೋಡೆಮ್ ಕೇಬಲ್ ನೋಡೋಕೆ ಹಾಗೇ ಇರುತ್ತದೆ, ಒಳಗೆ ತಂತಿಗಳು ಅದಲುಬದಲು. ಹೆಸರಲ್ಲಿ ಮೋಡೆಮ್ ಇದೆ ಅಂತ ಅದನ್ನೇ ಹಾಕುವವರಿದ್ದಾರೆ.

ಪರೀಕ್ಷೆ ಸುಲಭ. ಮೋಡೆಮ್ ಮುಂದುಗಡೆ ಎಂಆರ್, ಟಿಆರ್, ಎಸ್‌ಡಿ, ಆರ್‌ಡಿ, ಸಿಡಿ ಅಂತ ದೀಪಗಳಿರುತ್ತವೆ. ಕರೆಂಟ್ ಕೊಟ್ಟಾಗ ಎಂಆರ್ ಹತ್ತಬೇಕು. ಮಿನಿಕಾಮ್ ತೆರೆದ ತಕ್ಷಣ ಟಿಆರ್ ಹತ್ತಬೇಕು. ಅಕ್ಷರ ಒತ್ತಿದಾಗ ಎಸ್‌ಡಿ ಮಿನುಗಬೇಕು, ಉತ್ತರ ಬಂದಾಗ ಆರ್‌ಡಿ. ಎಸ್‌ಡಿ ಮಿನುಗದಿದ್ದರೆ ನಿಮ್ಮ ಅಕ್ಷರ ಮೋಡೆಮ್ ತನಕ ಹೋಗೇ ಇಲ್ಲ. ಆಗ ಕೇಬಲ್ ಅಥವಾ ಪೋರ್ಟ್ ನೋಡಿ. ಎಸ್‌ಡಿ ಮಿನುಗಿ ಆರ್‌ಡಿ ಸುಮ್ಮನಿದ್ದರೆ ಮೋಡೆಮ್ ಕೇಳಿಸಿಕೊಂಡಿದೆ, ಮಾತಾಡುತ್ತಿಲ್ಲ. ದೀಪ ಇರುವ ಮೋಡೆಮ್ ನನಗೆ ಇಷ್ಟ ಆಗುವುದು ಇದಕ್ಕೇ.

ಹೊಸಚಿಗುರು:
ನಾನು ಮೋಡೆಮ್ ಕಣ್ಣಾರೆ ನೋಡಿದವನಲ್ಲ. ಈ ಎಟಿ ಅಂದರೆ ಏನು?

ರಾತ್ರಿಪಾಳಿ:
"ಗಮನ ಕೊಡು" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಬರುವ ಪದದ ಮೊದಲೆರಡು ಅಕ್ಷರ. 1981ರಲ್ಲಿ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್ ಬಂತು, ಅದರಿಂದ ಬಂದ ಪದ್ಧತಿ. ಆಗ ವೇಗ ಸೆಕೆಂಡಿಗೆ 300 ಬಿಟ್. ಇವತ್ತಿನ 4ಜಿ ಡಾಂಗಲ್ ಒಳಗೂ ಎಟಿ ಕಮಾಂಡುಗಳೇ ಓಡುತ್ತವೆ. ಹಾಗಾಗಿ ಇದನ್ನು ಕಲಿತರೆ ನಷ್ಟ ಏನಿಲ್ಲ.

ಮಳೆಮಾಪಕ:
ಕಾರ್ಡ್ ತೆಗೆದೆ. ಸೀರಿಯಲ್ ಮೋಡೆಮ್ ಹಾಕಿದೆ. ಎಂಆರ್ ಹತ್ತಿದೆ. ವಿಚಿತ್ರ ಏನೆಂದರೆ, ಮಿನಿಕಾಮ್ ತೆರೆಯುವ ಮುಂಚೆಯೇ ಟಿಆರ್ ಹತ್ತಿಕೊಂಡಿತ್ತು.

ಎಟಿ ಅಂತ ಹೊಡೆದೆ. ಒಮ್ಮೆ "ಓ" ಮಾತ್ರ ಬಂತು. ಇನ್ನೊಮ್ಮೆ "ಕೆ" ಮಾತ್ರ. ಒಮ್ಮೊಮ್ಮೆ ಏನೂ ಇಲ್ಲ. ನಡುವೆ ಅರ್ಧಂಬರ್ಧ "ಲಾಗಿನ್" ಅನ್ನುವ ಹಾಗೆ ಏನೋ ಕಾಣಿಸಿತು. ಮೋಡೆಮ್ ಕೆಟ್ಟಿದೆಯಾ?

ಬೂಟ್‌ಲೋಡರ್:
ಕೆಟ್ಟಿದೆ. ಬೇರೆ ತನ್ನಿ.

ಕಪ್ಪುಪರದೆ:
ಐಆರ್‌ಕ್ಯೂ (ಸಾಧನ ಪ್ರೊಸೆಸರನ್ನು ಕರೆಯುವ ಗಂಟೆಯ ನಂಬರ್) ಗಲಾಟೆ ಇರಬಹುದು. ಕಾಮ್1, ಕಾಮ್3 ಎರಡೂ ಐಆರ್‌ಕ್ಯೂ 4. ಕಾಮ್2, ಕಾಮ್4 ಎರಡೂ 3. ಐಎಸ್‌ಎ ಕಾಲದ ಯಂತ್ರದಲ್ಲಿ ಇಬ್ಬರು ಒಂದನ್ನೇ ಹಂಚಿಕೊಳ್ಳೋಕೆ ಆಗಲ್ಲ. ಪೋರ್ಟ್ ಸೆಟ್ಟಿಂಗ್ ತೋರಿಸುವ ಸೆಟ್‌ಸೀರಿಯಲ್ ಕಮಾಂಡಿಗೆ ಮೈನಸ್ ಜಿ ಕೊಟ್ಟು ನೋಡಿ.

ಶೆಲ್‌ಮನೆ:
ಐಆರ್‌ಕ್ಯೂ ತಪ್ಪಿದ್ದರೆ ಲಕ್ಷಣವೇ ಬೇರೆ. ಉತ್ತರ ಪೂರ್ತಿ ಬರುತ್ತದೆ, ಆದರೆ ಎಷ್ಟೋ ಸೆಕೆಂಡು ತಡವಾಗಿ. ಇಲ್ಲಿ ಅಕ್ಷರಗಳು ಕಾಣೆಯಾಗುತ್ತಿವೆ. ಜೊತೆಗೆ ಲಾಗಿನ್ ಪದ, ಮೊದಲೇ ಹತ್ತಿದ ಟಿಆರ್ ದೀಪ. ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ಆ ಪೋರ್ಟಿನ ಮೇಲೆ ಗೆಟ್ಟಿ, ಅಂದರೆ ಲಾಗಿನ್ ಕೇಳುವ ಪ್ರೋಗ್ರಾಂ, ಓಡುತ್ತಿದೆ.

ಹಿಂದೆ ಯಾರೋ ಅಲ್ಲಿಗೆ ಸೀರಿಯಲ್ ಟರ್ಮಿನಲ್ ಹಾಕಿರಬೇಕು. ಇಟಿಸಿ ಒಳಗಿನ ಇನಿಟ್‌ಟ್ಯಾಬ್ ಫೈಲಿನಲ್ಲಿ ಎಗೆಟ್ಟಿ, ಟಿಟಿವೈಎಸ್0 ಅಂತ ಒಂದು ಸಾಲು ಇರುತ್ತದೆ, ಹುಡುಕಿ. ಮೋಡೆಮ್ ಓಕೆ ಅಂತ ಹೇಳಿದಾಗ ಆ ಎರಡಕ್ಷರಕ್ಕೆ ಗೆಟ್ಟಿ, ಮಿನಿಕಾಮ್ ಇಬ್ಬರೂ ಕೈ ಚಾಚುತ್ತಾರೆ, ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ಯಾರಿಗೆ ಯಾವುದು ಸಿಕ್ಕಿತೋ ಅದು. ಗೆಟ್ಟಿಗೆ ಸಿಕ್ಕಿದ್ದನ್ನು ಅದು ಯಾರದೋ ಬಳಕೆದಾರ ಹೆಸರು ಅಂದುಕೊಂಡು ಪಾಸ್‌ವರ್ಡ್ ಕೇಳುತ್ತದೆ. ಆ ಪ್ರಶ್ನೆ ಮೋಡೆಮ್‌ಗೆ ಹೋಗಿ, ಮೋಡೆಮ್ ಅದನ್ನೇ ತಿರುಗಿಸಿ ಹೇಳಿ, ಕೊನೆಗೆ ಕಲಸುಮೇಲೋಗರ.

ಆ ಸಾಲು ಕೆಲಸ ಮಾಡದ ಹಾಗೆ ಅದರ ಮುಂದೆ ಹ್ಯಾಶ್ (#) ಹಾಕಿ. ಆಮೇಲೆ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ "ಇನಿಟ್ ಕ್ಯೂ" ಕೊಡಿ. ಸುಮ್ನೆ ಗೆಟ್ಟಿಯನ್ನು ಕಿಲ್ ಮಾಡಿದರೆ ಆಗಲ್ಲ, ಯಂತ್ರದ ಮೊದಲ ಪ್ರೋಗ್ರಾಂ ಆದ ಇನಿಟ್ ಅದನ್ನು ಮತ್ತೆ ಎಬ್ಬಿಸುತ್ತದೆ.

ಕಪ್ಪುಪರದೆ:
ಹೊಸ ವಿತರಣೆಗಳಲ್ಲಿ ಇದೇ ತರಹದ ಕಾಟ ಮೋಡೆಮ್‌ಮ್ಯಾನೇಜರ್‌ನಿಂದ ಬರುತ್ತದೆ. ಹೊಸ ಸೀರಿಯಲ್ ಸಾಧನ ಕಂಡರೆ ತಾನೇ ಹೋಗಿ ಎಟಿ ಕಳಿಸಿ ಪರೀಕ್ಷೆ ಮಾಡುತ್ತದೆ. ಅದನ್ನು ನಿಲ್ಲಿಸಿದರೆ ಎಷ್ಟೋ "ಕೆಟ್ಟ" ಮೋಡೆಮ್‌ಗಳು ಸರಿಹೋಗುತ್ತವೆ.

ಮಳೆಮಾಪಕ:
ಶೆಲ್‌ಮನೆ ಅವರೇ, ಆ ಸಾಲು ಇತ್ತು! ಹ್ಯಾಶ್ ಹಾಕಿ ಇನಿಟ್ ಕ್ಯೂ ಕೊಟ್ಟ ಕೂಡಲೇ ಟಿಆರ್ ದೀಪ ಆರಿತು. ಮಿನಿಕಾಮ್ ತೆರೆದಾಗ ಮತ್ತೆ ಹತ್ತಿತು. ಎಟಿ ಅಂದರೆ ಓಕೆ, ಪ್ರತಿ ಸಲವೂ. ಎಟಿಐ3 ಕೊಟ್ಟರೆ ಮೋಡೆಮ್ ತನ್ನ ಹೆಸರು ಕೂಡ ಹೇಳಿತು. ತುಂಬಾ ಖುಷಿ ಆಯ್ತು.

ಮುಂದೆ ಹೋಗಿ ಎಟಿಡಿಟಿ, ಅದರ ಜೊತೆ ನಂಬರ್ ಕೊಟ್ಟೆ. "ನೋ ಡಯಲ್‌ಟೋನ್". ಅದೇ ಸಾಕೆಟ್ಟಿಗೆ ಸಾದಾ ಫೋನ್ ಹಾಕಿದರೆ ಟೋನ್ ಚೆನ್ನಾಗಿ ಕೇಳುತ್ತದೆ.

ಹೊಸಚಿಗುರು:
ಮೋಡೆಮ್ ಹಿಂದೆ ಎರಡು ತೂತು ಇರುತ್ತವಲ್ಲ, ಲೈನ್ ಮತ್ತು ಫೋನ್ ಅಂತ. ಚಿತ್ರದಲ್ಲಿ ನೋಡಿದ್ದೇನೆ. ಗೋಡೆಯಿಂದ ಬರುವ ತಂತಿ ಲೈನ್‌ಗೆ ಹೋಗಬೇಕು ಅಲ್ವಾ?

ತಂತಿಜಾಡು:
ಸರಿಯಾಗಿ ಹೇಳಿದಿರಿ, ಮೊದಲು ನೋಡಬೇಕಾದದ್ದು ಅದೇ. ಅದು ಸರಿ ಇದ್ದರೆ ಇನ್ನೊಂದು ಪ್ರಶ್ನೆ: ನಿಮ್ಮ ಫೋನ್ ಲೈನ್ ತಾಮ್ರದ ತಂತಿಯಾ, ಫೈಬರ್ ಪೆಟ್ಟಿಗೆಯಿಂದ ಬರುವುದಾ?

ಮೋಡೆಮ್‌ನ ಕಿವಿ ಮನುಷ್ಯರ ಕಿವಿಯ ಹಾಗಲ್ಲ. ಅದು ನಿರ್ದಿಷ್ಟ ಸ್ವರಕ್ಕೆ, ಬಿಡುವಿಲ್ಲದೆ ಬರುವ ಟೋನ್‌ಗೆ ಕಾಯುತ್ತದೆ. ಬೇರೆ ದೇಶದ ಲೈನಿಗೆ ಮಾಡಿದ ಮೋಡೆಮ್ ಆಗಿದ್ದರೆ ನಮಗೆ ಚೆನ್ನಾಗಿ ಕೇಳುವ ಟೋನನ್ನೂ ಅದು ಒಪ್ಪದೇ ಇರಬಹುದು. ವಾಯ್ಸ್‌ಮೇಲ್ ಬಂದಿದೆ ಅಂತ ಟೋನ್ ತಡವರಿಸುತ್ತಿದ್ದರೂ ಅಷ್ಟೇ.

ಎಟಿಎಕ್ಸ್3 ಕೊಡಿ, ಆಮೇಲೆ ಡಯಲ್ ಮಾಡಿ. ಟೋನ್‌ಗೆ ಕಾಯಬೇಡ, ಬಿಝಿ ಇದ್ದರೆ ಮಾತ್ರ ಹೇಳು ಅಂತ ಅದರ ಅರ್ಥ. ಎಟಿಎಂ1 ಕೂಡ ಕೊಡಿ. ಸ್ಪೀಕರ್ ಕೇಳಿಸಿಕೊಂಡರೆ ಅರ್ಧ ರೋಗ ಗೊತ್ತಾಗುತ್ತದೆ. ಡಯಲ್ ಸದ್ದು, ರಿಂಗ್, ಆ ಕಡೆಯವನು ಎತ್ತಿದಾಗ ಒಂದು ಉದ್ದ ಶಿಳ್ಳೆ, ಆಮೇಲೆ ಪರಸ್ಪರ ಕರಕರ. ಶಿಳ್ಳೆಯೇ ಬರದಿದ್ದರೆ ಆ ಕಡೆ ಮೋಡೆಮ್ ಎತ್ತುತ್ತಿಲ್ಲ. ಕರಕರ ಮತ್ತೆ ಮತ್ತೆ ಶುರುವಾಗುತ್ತಿದ್ದರೆ ಲೈನ್ ಕೆಟ್ಟಿದೆ.

ಮಳೆಮಾಪಕ:
ಲೈನ್ ತೂತಿಗೇ ಹಾಕಿದ್ದೇನೆ. ಇಲ್ಲಿ ಫೋನ್ ಬರುವುದು ಫೈಬರ್ ಪೆಟ್ಟಿಗೆಯಿಂದ. ಕೇಂದ್ರದ ಕಡೆ ತಾಮ್ರ.

ಎಟಿಎಕ್ಸ್3 ಕೆಲಸ ಮಾಡಿತು. ಶಿಳ್ಳೆ, ಕರಕರ ಎಲ್ಲ ಕೇಳಿಸಿತು. "ಕನೆಕ್ಟ್ 31200" ಬಂತು. ಆದರೆ ಸ್ವಲ್ಪ ಹೊತ್ತಿಗೆ "ನೋ ಕ್ಯಾರಿಯರ್" ಅಂತ ಬಂದು ಕಡಿದುಹೋಯಿತು. ಮೋಡೆಮ್ 56ಕೆ ಅಲ್ವಾ, 31200 ಯಾಕೆ?

ಬೂಟ್‌ಲೋಡರ್:
ಲೈನಿನಲ್ಲಿ ಗಲಾಟೆ ಇದೆ, ಇಲ್ಲದಿದ್ದರೆ 56 ಸಿಗಬೇಕಿತ್ತು.

ರಾತ್ರಿಪಾಳಿ:
ಸಿಗುತ್ತಿರಲಿಲ್ಲ. 56ಕೆ ಅನ್ನುವುದು ಡಯಲ್ ಮಾಡಿದವನ ಕಡೆಗೆ ಬರುವ ದಾರಿಯಲ್ಲಿ ಮಾತ್ರ. ಅದಕ್ಕೆ ಆ ಕಡೆಯ ಉಪಕರಣ ಟೆಲಿಫೋನ್ ಎಕ್ಸ್‌ಚೇಂಜಿಗೆ ಡಿಜಿಟಲ್ ಆಗಿ ಜೋಡಿಸಿರಬೇಕು. ಇಂಟರ್‌ನೆಟ್ ಕೊಡುವ ಕಂಪನಿಗಳು ಹಾಗೆ ಮಾಡುತ್ತಿದ್ದವು. ಎರಡು ಸಾದಾ ಮೋಡೆಮ್‌ಗಳು ಮುಖಾಮುಖಿಯಾದರೆ ವಿ.34 ಮಾನದಂಡದ ಮಿತಿ 33.6 ಕಿಲೋಬಿಟ್, ಅದಕ್ಕಿಂತ ಮೇಲೆ ಹೋಗಲ್ಲ. ವಿ.90 ಬಂದದ್ದು 1998ರಲ್ಲಿ. ಅದರಲ್ಲೂ ಹೋಗುವ ದಾರಿ 33.6 ಮಾತ್ರ. 2000ದ ವಿ.92 ಅದನ್ನು 48ಕ್ಕೆ ಏರಿಸಿತು. ಹಾಗಾಗಿ 31200 ಅಂದರೆ ಬಹಳ ಒಳ್ಳೆಯ ಜೋಡಣೆ.

ಹಲವು ವರ್ಷ ಡಯಲ್-ಅಪ್ ಗ್ರಾಹಕರ ಫೋನ್ ಎತ್ತುವ ಕೆಲಸ ಮಾಡಿದ್ದೇನೆ. "56 ಅಂತ ಡಬ್ಬಿ ಮೇಲೆ ಬರೆದಿದೆ, ಯಾಕೆ ಸಿಗಲ್ಲ" ಅನ್ನುವುದೇ ಜನ ಜಾಸ್ತಿ ಕೇಳುತ್ತಿದ್ದ ಪ್ರಶ್ನೆ.

ತಂತಿಜಾಡು:
ಕಡಿದುಹೋಗುವುದಕ್ಕೆ ಕಾರಣ ಫೈಬರ್ ಪೆಟ್ಟಿಗೆ ಅಂತ ನನ್ನ ಬಲವಾದ ಅನುಮಾನ. ಅದು ಧ್ವನಿಯನ್ನು ಪ್ಯಾಕೆಟ್ ಮಾಡಿ ಕಳಿಸುತ್ತದೆ. ಒಂದು ಪ್ಯಾಕೆಟ್ ತಡವಾದರೆ ಮಾತಾಡುವವರಿಗೆ ಗೊತ್ತೂ ಆಗಲ್ಲ. ಮೋಡೆಮ್‌ಗೆ ಅದು ಲೈನ್ ಕಡಿದ ಹಾಗೆ. ಧ್ವನಿಯನ್ನು ಹಿಂಡಿ ಚಿಕ್ಕದು ಮಾಡುವ ಕೊಡೆಕ್ ಇದ್ದರಂತೂ ಮುಗಿದೇ ಹೋಯ್ತು. ಹಾಗೆ ಹಿಂಡದ ಜಿ.711 ಕೊಡೆಕ್ ಇರಲೇಬೇಕು. ಪೆಟ್ಟಿಗೆಯ ಸೆಟ್ಟಿಂಗ್ ಕೈಗೆ ಸಿಕ್ಕರೆ ಮೌನ ಬಂದಾಗ ಕಳಿಸದೇ ಇರುವ ಆಯ್ಕೆಯನ್ನು ಆಫ್ ಮಾಡಿ.

ಬೂಟ್‌ಲೋಡರ್:
ವಿಒಐಪಿ (ಇಂಥ ಪ್ಯಾಕೆಟ್ ಫೋನ್) ಮೇಲೆ ಮೋಡೆಮ್ ನಡೆಯೋದೇ ಇಲ್ಲ. ಬರೆದಿಟ್ಟುಕೊಳ್ಳಿ.

ತಂತಿಜಾಡು:
ನಡೆಯುತ್ತದೆ, ವೇಗದ ಆಸೆ ಬಿಟ್ಟರೆ. ನಮ್ಮಲ್ಲಿ ಅಲಾರಂ ಪ್ಯಾನೆಲ್‌ಗಳು, ಫ್ಯಾಕ್ಸ್‌ಗಳು ಇದರ ಮೇಲೇ ಓಡುತ್ತಿವೆ. 31200 ಹಿಡಿದು ಕಡಿಯುವುದಕ್ಕಿಂತ 9600 ಹಿಡಿದು ಗಂಟೆಗಟ್ಟಲೆ ನಿಲ್ಲುವುದು ವಾಸಿ. ಯುಎಸ್ ರೋಬೋಟಿಕ್ಸ್ ಮೋಡೆಮ್ ಆದರೆ ಆಂಪರ್‌ಸೆಂಡ್-ಎನ್ (&N) ಕಮಾಂಡಿನಿಂದ ವೇಗ ಕಟ್ಟಬಹುದು. ಬೇರೆ ಎಷ್ಟೋ ಚಿಪ್‌ಗಳಲ್ಲಿ ಎಟಿ+ಎಂಎಸ್. ನಿಮ್ಮ ಮೋಡೆಮಿನ ಕೈಪಿಡಿಯಲ್ಲಿ ಇರುತ್ತದೆ.

ಜೊತೆಗೆ ಎಸ್10 ರಿಜಿಸ್ಟರ್ ಏರಿಸಿ. ಕ್ಯಾರಿಯರ್ (ಆ ಕಡೆ ಮೋಡೆಮಿನ ಸಿಗ್ನಲ್) ತಪ್ಪಿದ ಮೇಲೆ ಎಷ್ಟು ಹೊತ್ತು ಕಾದು ಫೋನ್ ಇಡಬೇಕು ಅನ್ನುವುದು ಅದು, ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ. 50 ಕೊಟ್ಟರೆ 5 ಸೆಕೆಂಡು. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ಆ ಬೀಪ್ ಒಂದೇ ಸಾಕು ಕಡಿಯೋಕೆ.

ಹೊಸಚಿಗುರು:
ವಿಷಯ ಸ್ವಲ್ಪ ಬೇರೆ. ಈಗಲೂ ಮನೆಗೆ ಡಯಲ್-ಅಪ್ ಇಂಟರ್‌ನೆಟ್ ಕೊಡುವವರು ಇದ್ದಾರಾ?

ರಾತ್ರಿಪಾಳಿ:
ಕಡಿಮೆ. ಅಮೆರಿಕದ ಎಒಎಲ್ ತನ್ನದನ್ನು 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಿತು. ಸಿಕ್ಕರೂ ಹಳೇ ಯಂತ್ರದಲ್ಲಿ ಜಾಲತಾಣ ನೋಡುವುದು ಕಷ್ಟ. ವೇಗ ಒಂದು ಕಡೆ ಇರಲಿ, ಹಳೇ ಬ್ರೌಸರ್‌ಗೆ ಈಗಿನ ಟಿಎಲ್‌ಎಸ್ (ಜಾಲತಾಣದ ಗೂಢಲಿಪಿ ಕ್ರಮ) ಗೊತ್ತಿಲ್ಲ. ಪುಟವೇ ತೆರೆಯಲ್ಲ.

ಕಪ್ಪುಪರದೆ:
ಅದರ ಮೇಲೆ ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಹೋಗಿದ್ದರೆ ಜಾಲತಾಣದ ಗುರುತಿನ ಸರ್ಟಿಫಿಕೇಟ್ ಕೂಡ ಒಪ್ಪಲ್ಲ. ಹಳೇ ಯಂತ್ರ ಕೈಗೆ ಬಂದ ಕೂಡಲೇ ಆ ಗುಂಡು ಬ್ಯಾಟರಿ, ಸಿಆರ್2032, ಬದಲಿಸಿಬಿಡಬೇಕು. ಮಳೆಮಾಪಕ ಅವರಿಗೂ ಇದು ಮುಖ್ಯ, ಫೈಲಿನ ತಾರೀಖು ತಪ್ಪಿದರೆ ಮಳೆ ದಾಖಲೆಗೆ ಏನು ಬೆಲೆ?

ಮಳೆಮಾಪಕ:
ಬ್ಯಾಟರಿ ಹೊಸದು ಹಾಕಿದೆ, ನೆನಪಿಸಿದ್ದಕ್ಕೆ ಧನ್ಯವಾದ. ವೇಗ 9600ಕ್ಕೆ ಕಟ್ಟಿದೆ, ಎಸ್10 ಅನ್ನು 50 ಮಾಡಿದೆ. ಈಗ ಕಡಿಯುತ್ತಿಲ್ಲ!

ಈಗ ಪಿಪಿಪಿ. ಡಬ್ಲ್ಯೂವಿಡಯಲ್ ಪಕ್ಕಕ್ಕಿಟ್ಟು ಪಿಪಿಪಿಡಿ (ಪಿಪಿಪಿ ನಡೆಸುವ ಪ್ರೋಗ್ರಾಂ), ಚಾಟ್ (ಡಯಲ್ ಮಾಡುವ ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ಬಳಸುತ್ತಿದ್ದೇನೆ. ಕನೆಕ್ಟ್ ಆಗುತ್ತದೆ, ಆಮೇಲೆ ಲಾಗ್‌ನಲ್ಲಿ "ಸೀರಿಯಲ್ ಲೈನ್ ಲೂಪ್ ಆಗಿದೆ" ಅನ್ನುವ ಅರ್ಥದ ಸಾಲು ಬಂದು ನಿಲ್ಲುತ್ತದೆ. ಕೇಬಲ್‌ನಲ್ಲೇ ದೋಷವಾ?

ಶೆಲ್‌ಮನೆ:
ಕೇಬಲ್ ಅಲ್ಲ. ನೀವು ಕಳಿಸಿದ ಪ್ಯಾಕೆಟ್ಟೇ ನಿಮಗೆ ವಾಪಸ್ ಬರುತ್ತಿದೆ, ಪಿಪಿಪಿಡಿ ಅದನ್ನು ಗುರುತು ಹಿಡಿದಿದೆ. ಯಾಕೆ ವಾಪಸ್ ಬರುತ್ತದೆ? ಆ ಕಡೆ ಲಾಗಿನ್ ಪರದೆ ಕಾಯುತ್ತಿದೆ. ಅದು ನೀವು ಕಳಿಸಿದ ಅಕ್ಷರಗಳನ್ನು ಹಾಗೇ ಎಕೋ ಮಾಡುತ್ತದೆ. ಮಿನಿಕಾಮ್‌ನಿಂದ ಕೈಯಾರೆ ಡಯಲ್ ಮಾಡಿ, ಕನೆಕ್ಟ್ ಆದ ಮೇಲೆ ಎಂಟರ್ ಒತ್ತಿ. ಲಾಗಿನ್ ಅಂತ ಬಂದರೆ ನನ್ನ ಮಾತು ಸರಿ.

ಆಗ ಚಾಟ್ ಸ್ಕ್ರಿಪ್ಟಿನಲ್ಲಿ ಕನೆಕ್ಟ್ ಆದ ಮೇಲೆ ಇನ್ನೆರಡು ಸಾಲು ಸೇರಿಸಬೇಕು. "ಲಾಗಿನ್" ಪ್ರಶ್ನೆಗೆ ಬಳಕೆದಾರ ಹೆಸರು, "ಪಾಸ್‌ವರ್ಡ್" ಪ್ರಶ್ನೆಗೆ ಪಾಸ್‌ವರ್ಡ್. ಸ್ಕ್ರಿಪ್ಟಿನಲ್ಲಿ ಆ ಪದಗಳ ಮೊದಲ ಅಕ್ಷರ ಬಿಟ್ಟು ಬರೆಯಿರಿ. ಕೆಲವು ಯಂತ್ರ ಮೊದಲ ಅಕ್ಷರವನ್ನು ದೊಡ್ಡದಾಗಿ ಕಳಿಸುತ್ತವೆ, ಕೆಲವು ಚಿಕ್ಕದಾಗಿ. ಉಳಿದ ಭಾಗ ಎರಡಕ್ಕೂ ಒಂದೇ.

ಕಪ್ಪುಪರದೆ:
ನನಗೆ ಪಾಸ್‌ವರ್ಡನ್ನು ಸ್ಕ್ರಿಪ್ಟಿನಲ್ಲಿ ಬರೆದಿಡುವುದು ಇಷ್ಟವಿಲ್ಲ. ಆ ಕಡೆ ಎಂಗೆಟ್ಟಿ (ಮೋಡೆಮ್‌ಗೆ ಅಂತಲೇ ಮಾಡಿದ ಗೆಟ್ಟಿ) ಇದ್ದರೆ ಅದರ ಲಾಗಿನ್ ಕಾನ್ಫಿಗ್ ಫೈಲಿನಲ್ಲಿ ಆಟೋಪಿಪಿಪಿ ಅನ್ನುವ ಸಾಲು ಇರುತ್ತದೆ. ಅದನ್ನು ಚಾಲೂ ಮಾಡಿದರೆ ಪಿಪಿಪಿ ಪ್ಯಾಕೆಟ್ ಕಂಡ ಕೂಡಲೇ ತಾನೇ ಪಿಪಿಪಿಡಿ ಎಬ್ಬಿಸುತ್ತದೆ. ಗುರುತು ಪರೀಕ್ಷೆ ಚಾಪ್ ಅನ್ನುವ ಪದ್ಧತಿಯ ಮೂಲಕ ಆಗಲಿ. ಚಾಪ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಹೋಗುವುದೇ ಇಲ್ಲ. ಇದು ಸರಿಯಾದ ಕ್ರಮ.

ಶೆಲ್‌ಮನೆ:
ಕ್ರಮ ಸರಿ. ಆದರೆ ಆ ಯಂತ್ರ ದೂರದಲ್ಲಿದೆ. ಅಲ್ಲಿ ಎಂಗೆಟ್ಟಿ ಸೆಟ್ಟಿಂಗ್ ಬದಲಿಸುವಾಗ ಒಂದು ಅಕ್ಷರ ತಪ್ಪಿದರೆ ಮತ್ತೆ ಒಳಗೆ ಹೋಗುವ ದಾರಿಯೇ ಮುಚ್ಚುತ್ತದೆ. ಮೊದಲು ಸ್ಕ್ರಿಪ್ಟಿನಿಂದ ನಡೆಸಲಿ. ಯಾರಾದರೂ ಅಲ್ಲಿಗೆ ಹೋಗುವ ದಿನ ಬೇಕಾದರೆ ಬದಲಿಸಲಿ. ಪಾಸ್‌ವರ್ಡ್ ಇರುವ ಫೈಲಿಗೆ ಅನುಮತಿ 600 ಮಾಡಿ, ರೂಟ್ ಬಿಟ್ಟು ಬೇರೆಯವರು ಓದದ ಹಾಗೆ.

ಕಪ್ಪುಪರದೆ:
ಆ ಕಾರಣ ಒಪ್ಪುತ್ತೇನೆ. ದೂರದ ಯಂತ್ರದ ಬಾಗಿಲನ್ನು ದೂರದಿಂದ ಬಿಚ್ಚಬಾರದು.

ಮಳೆಮಾಪಕ:
ಲಾಗಿನ್ ಬಂತು, ಸ್ಕ್ರಿಪ್ಟ್ ಬರೆದೆ, ಪಿಪಿಪಿ ಎದ್ದಿತು. ಎರಡೂ ಕಡೆ ಐಪಿ ವಿಳಾಸ ಬಂದಿವೆ. ಆ ಕಡೆ ವಿಳಾಸಕ್ಕೆ ಪಿಂಗ್ (ಸಂಪರ್ಕ ಪರೀಕ್ಷೆ) ಹೋಗುತ್ತದೆ. ಲಾಗ್‌ನಲ್ಲಿ ಒಂದು ಎಚ್ಚರಿಕೆ: ಇಥ್0 (ನೆಟ್‌ವರ್ಕ್ ಕಾರ್ಡ್) ಕಡೆ ಇರುವ ಡಿಫಾಲ್ಟ್ ರೂಟ್ (ಬೇರೆ ದಾರಿ ಹೇಳದ ಸಂಚಾರವೆಲ್ಲ ಹೋಗುವ ದಾರಿ) ಬದಲಿಸುತ್ತಿಲ್ಲ ಅಂತ.

ಬೂಟ್‌ಲೋಡರ್:
ಇಥ್0ದ ಡಿಫಾಲ್ಟ್ ರೂಟ್ ಅಳಿಸಿ, ಪಿಪಿಪಿ0ಗೆ (ಫೋನ್ ಲೈನಿನ ಜೋಡಣೆ) ಕೊಡಿ.

ನಾಲ್ಕನೇಪಿನ್:
ಯಾಕೆ ಅಳಿಸಬೇಕು? ಡಿಫಾಲ್ಟ್ ರೂಟ್ ಬೇಕಾಗುವುದು ಇಡೀ ಇಂಟರ್‌ನೆಟ್ಟಿಗೆ ಆ ದಾರಿಯಲ್ಲಿ ಹೋಗುವವರಿಗೆ. ಇವರು ಹೋಗುವುದು ಒಂದೇ ಯಂತ್ರಕ್ಕೆ. ಪಿಪಿಪಿ ಎದ್ದಾಗ ಆ ವಿಳಾಸಕ್ಕೆ ದಾರಿ ತಾನಾಗಿಯೇ ಬರುತ್ತದೆ. ಆಪ್ಷನ್ಸ್ ಫೈಲಿನಲ್ಲಿ ನೋಡಿಫಾಲ್ಟ್‌ರೂಟ್ ಅಂತ ಹಾಕಿಬಿಡಿ, ಎಚ್ಚರಿಕೆಯೂ ಹೋಗುತ್ತದೆ. ಬೂಟ್‌ಲೋಡರ್ ಹೇಳಿದ ಹಾಗೆ ಮಾಡಿದರೆ ಈ ಯಂತ್ರದ ಇಂಟರ್‌ನೆಟ್ ಸಂಚಾರವೆಲ್ಲ 9600ರ ಫೋನ್ ಲೈನಿಗೆ ನುಗ್ಗುತ್ತದೆ.

ಜೊತೆಗೆ ಸಿಆರ್‌ಟಿಎಸ್‌ಸಿಟಿಎಸ್ ಇರಲಿ. ಅದು ಹಾರ್ಡ್‌ವೇರ್ ಫ್ಲೋ ಕಂಟ್ರೋಲ್, ಬಫರ್ ತುಂಬಿದಾಗ ತಡಿ ಅಂತ ಹೇಳುವ ಏರ್ಪಾಡು. ಅದು ಇಲ್ಲದಿದ್ದರೆ ಪಿಂಗ್ ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ.

ರಾತ್ರಿಪಾಳಿ:
ಫೈಲ್ ತರೋಕೆ ಆರ್‌ಸಿಂಕ್ ಬಳಸಿ, ಪಾರ್ಶಿಯಲ್ ಆಯ್ಕೆ ಹಾಕಿ. ನಡುವೆ ಕಡಿದರೂ ಅಲ್ಲಿಯವರೆಗೆ ಬಂದದ್ದು ಉಳಿಯುತ್ತದೆ. 9600ರಲ್ಲಿ ಸೆಕೆಂಡಿಗೆ ಸುಮಾರು 1 ಕಿಲೋಬೈಟ್ ಅಂತ ಲೆಕ್ಕ ಇಟ್ಟುಕೊಳ್ಳಿ. ಮಳೆ ಅಳತೆಯ ಪಠ್ಯ ಫೈಲ್ ತಾನೇ, ಜಿಝಿಪ್ ಮಾಡಿ ತಂದರೆ ತುಂಬಾ ಚಿಕ್ಕದಾಗುತ್ತದೆ.

ಮಳೆಮಾಪಕ:
ಬಂತು! ಹೋದ ತಿಂಗಳ ದಾಖಲೆ ಪೂರ್ತಿ ಬಂದಿದೆ, ನಡುವೆ ಎಲ್ಲೂ ಕಡಿಯಲಿಲ್ಲ. ಎಲ್ಲರಿಗೂ ಮನಸಾರೆ ಧನ್ಯವಾದ.

ನನ್ನ ನಂತರ ಬರುವವರಿಗೆ ಉಪಯೋಗಕ್ಕೆ ಬರಲಿ ಅಂತ ಕೊನೆಯ ಸೆಟ್ಟಿಂಗ್ ಬರೆಯುತ್ತೇನೆ. ಪೋರ್ಟ್ ಟಿಟಿವೈಎಸ್0, ಕಂಪ್ಯೂಟರ್ ಮತ್ತು ಮೋಡೆಮ್ ನಡುವಿನ ವೇಗ 115200, ಸಿಆರ್‌ಟಿಎಸ್‌ಸಿಟಿಎಸ್, ನೋಆಥ್ (ಆ ಕಡೆಯವರ ಗುರುತು ಕೇಳಬೇಡ), ನೋಡಿಫಾಲ್ಟ್‌ರೂಟ್. ಮೋಡೆಮ್‌ಗೆ ಮೊದಲು ಎಟಿ ಆಂಪರ್‌ಸೆಂಡ್-ಎಫ್1, ಆಮೇಲೆ ಎಕ್ಸ್3, ಎಸ್10=50, ಜೊತೆಗೆ ಫೋನ್ ಲೈನಿನ ವೇಗವನ್ನು 9600ಕ್ಕೆ ಕಟ್ಟುವ ಕಮಾಂಡ್.

ಒಂದೇ ಪ್ರಶ್ನೆ ಬಾಕಿ. ಇದನ್ನು ಕ್ರಾನ್‌ನಿಂದ ರಾತ್ರಿ ತಾನೇ ಓಡುವ ಹಾಗೆ ಮಾಡಿದರೆ, ಏನಾದರೂ ಸಿಕ್ಕಿಹಾಕಿಕೊಂಡು ಫೋನ್ ಬೆಳಗಿನ ತನಕ ಇಡದೇ ಇದ್ದರೆ?

ಶೆಲ್‌ಮನೆ:
ಪಿಪಿಪಿಡಿಗೆ "ಐಡಲ್ 120" ಕೊಡಿ. 2 ನಿಮಿಷ ಏನೂ ಹರಿಯದಿದ್ದರೆ ತಾನೇ ಕಡಿಯುತ್ತದೆ. "ಮ್ಯಾಕ್ಸ್‌ಕನೆಕ್ಟ್" ಅಂತ ಇನ್ನೊಂದಿದೆ, ಹರಿಯುತ್ತಿದ್ದರೂ ಇಷ್ಟು ಸೆಕೆಂಡಿಗೆ ಮುಗಿಸು ಅನ್ನುವುದಕ್ಕೆ. ಎರಡನ್ನೂ ಹಾಕಿ.

ನಾಲ್ಕನೇಪಿನ್:
ಪಿಪಿಪಿಡಿ ಮುಗಿಯುವಾಗ ಡಿಟಿಆರ್ (ಟಿಆರ್ ದೀಪ ತೋರಿಸುವ ಸಿಗ್ನಲ್) ಇಳಿಸುತ್ತದೆ. ಅದನ್ನು ನೋಡಿ ಮೋಡೆಮ್ ಫೋನ್ ಇಡಬೇಕಾದರೆ ಆಂಪರ್‌ಸೆಂಡ್-ಡಿ2 ಇರಬೇಕು. ಆಂಪರ್‌ಸೆಂಡ್-ಸಿ1 ಕೂಡ ನೋಡಿಕೊಳ್ಳಿ, ಕ್ಯಾರಿಯರ್ ಇದ್ದಾಗ ಮಾತ್ರ ಸಿಡಿ ಸಿಗ್ನಲ್ ಏರಬೇಕು. ಎಷ್ಟೋ ಮೋಡೆಮ್‌ಗಳಲ್ಲಿ ಇವು ಮೊದಲೇ ಹಾಗಿರುತ್ತವೆ. ಎಟಿ ಆಂಪರ್‌ಸೆಂಡ್-ವಿ ಕೊಟ್ಟು ಒಮ್ಮೆ ಕಣ್ಣಾಡಿಸಿ.

ಹೊಸಚಿಗುರು:
ಈ ಮೋಡೆಮ್ ಮುಂದೆ ಕೆಟ್ಟರೆ ಯುಎಸ್‌ಬಿ ಮೋಡೆಮ್ ಹಾಕಬಹುದಾ?

ನಾಲ್ಕನೇಪಿನ್:
ಕಂಟ್ರೋಲರ್ ಒಳಗೇ ಇರುವಂಥದ್ದು ಆದರೆ ಆಗುತ್ತದೆ, ಯುಎಸ್ ರೋಬೋಟಿಕ್ಸ್ 5637 ತರಹದ್ದು. ಟಿಟಿವೈಎಸಿಎಂ0 ಅಂತ ಕಾಣಿಸಿಕೊಳ್ಳುತ್ತದೆ. ಕರ್ನಲ್ 2.4ರಲ್ಲಿ ಮಾಡ್ಯೂಲ್ ಹೆಸರು ಎಸಿಎಂ, 2.6ರಿಂದ ಸಿಡಿಸಿ-ಎಸಿಎಂ. ಅಗ್ಗಕ್ಕೆ ಸಿಗುವ ಎಲ್ಲ ಯುಎಸ್‌ಬಿ ಮೋಡೆಮ್‌ಗಳೂ ಹಾಗಲ್ಲ, ಅವುಗಳಲ್ಲೂ ವಿನ್‌ಮೋಡೆಮ್‌ಗಳಿವೆ.

ಕಪ್ಪುಪರದೆ:
ಕ್ರಾನ್‌ಗೆ ಹಾಕುವ ಮುಂಚೆ ಇದೊಂದು ನೋಡಿ. ಮಿನಿಕಾಮ್ ತೆರೆದಿರುವಾಗಲೇ ಕರೆಂಟ್ ಹೋದರೆ ವಾರ್, ಲಾಕ್ ಒಳಗೆ ಎಲ್‌ಸಿಕೆ..ಟಿಟಿವೈಎಸ್0 ಫೈಲ್ ಉಳಿದುಬಿಡಬಹುದು. ಪಿಪಿಪಿಡಿ ಅದರೊಳಗಿನ ಪ್ರೋಸೆಸ್ ನಂಬರ್ ಬದುಕಿದೆಯಾ ಅಂತ ನೋಡಿ, ಇಲ್ಲದಿದ್ದರೆ ತಾನೇ ಅಳಿಸುತ್ತದೆ. ಬೂಟ್ ಆದ ಮೇಲೆ ಅದೇ ನಂಬರ್ ಬೇರೆ ಯಾವುದೋ ಪ್ರೋಗ್ರಾಮಿಗೆ ಸಿಕ್ಕಿರುತ್ತದೆ ಅಂದುಕೊಳ್ಳಿ, ಆಗ ಪೋರ್ಟ್ ಬಳಕೆಯಲ್ಲಿದೆ ಅಂದುಕೊಂಡು ಡಯಲ್ಲೇ ಮಾಡಲ್ಲ. ಬೂಟ್ ಆಗುವಾಗ ಆ ಫೈಲನ್ನು ಅಳಿಸುವ ಒಂದು ಸಾಲನ್ನು ಆರ್‌ಸಿ.ಲೋಕಲ್‌ನಲ್ಲಿ ಹಾಕಿಡಿ.

ಮಳೆಮಾಪಕ:
ಹಾಕಿದೆ. ಐಡಲ್, ಮ್ಯಾಕ್ಸ್‌ಕನೆಕ್ಟ್ ಕೂಡ ಸೇರಿಸಿದೆ. ಆಂಪರ್‌ಸೆಂಡ್-ವಿ ನೋಡಿದೆ, ಸಿ1, ಡಿ2 ಎರಡೂ ಸರಿಯಾಗಿಯೇ ಇವೆ. ಇವತ್ತು ರಾತ್ರಿ ಕ್ರಾನ್‌ನಿಂದ ಓಡಿಸುತ್ತೇನೆ, ನಾಳೆ ಲಾಗ್ ಇಲ್ಲೇ ಹಾಕುತ್ತೇನೆ.